ಬಾಯಿ ಬಿಡದ ಹುಡುಗಿ

ಚಿಕ್ಕ ಮಕ್ಕಳ ಮಾತಿನ ಬೆಳವಣಿಗೆಯನ್ನು ಪರೀಕ್ಷಿಸುವ ಕೆಲಸ ಕಲಿಯಲು ನೀಲಗಂಗಾ ಹೊಸದಾಗಿ ಸೇರಿದ್ದಳು. ಅವಳ ಗೈಡ್ ವಸುಂಧರಾ ಮೇಡಂ ಅವತ್ತು ಲಂಬಾಣಿ ತಾಂಡಾಕ್ಕೆ ಜೊತೆಯಲ್ಲೇ ಬಂದಿದ್ದರು. ನಾಲ್ಕು ವರ್ಷದ ಹುಡುಗಿಯೊಬ್ಬಳ ಮುಂದೆ ನೀಲಗಂಗಾ ಹಸುವಿನ ಚಿತ್ರ ಹಿಡಿದು ಇದೇನೆಂದು ಕೇಳಿದಳು. ಹುಡುಗಿ ತುಟಿ ಬಿಗಿದುಕೊಂಡು ಕೂತಳು.

“ಹೀಗಾ ಕೇಳೋದು? ನಿಮಗ್ಯಾರ್ರೀ ಸೀಟು ಕೊಟ್ಟಿದ್ದು?” ಎಂದು ಮೇಡಂ ಚಿತ್ರಗಳನ್ನು ಕಿತ್ತುಕೊಂಡು ತಾವೇ ಒಂದೊಂದಾಗಿ ತೋರಿಸಿದರು. ಹುಡುಗಿ ಆಗಲೂ ಮಾತಾಡಲಿಲ್ಲ.

“ಬರ್ಕೊಳ್ಳಿ, ಈ ಮಗೂಗೆ ಮಾತು ಬಂದಿಲ್ಲ.”

“ಮೇಡಂ, ನಾವು ಬರೂ ಮುಂದ ಅಂಗಳದಾಗ ಜೋರಾಗಿ ಮಾತಾಡಾಕತ್ತಿದ್ಲು...”

“ನಿಮ್ಮ ಅಭಿಪ್ರಾಯ ಕೇಳಿದ್ನಾ? ಬರೀರಿ!”

ನೀಲಗಂಗಾ ಪೆನ್ನು ಕೆಳಗಿಟ್ಟಳು. “ನಾ ಬರಿಯಂಗಿಲ್ರಿ.”

“ಹಾಗಾದ್ರೆ ನಾಳೆಯಿಂದ ಬರಬೇಡಿ.”

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಒಳಗೆ ಬಂದಳು. “ಅವ್ರಿಗ್ಯಾಕ ಬೈತೀರಿ? ಬಾಯಿ ಬಿಡಬ್ಯಾಡ ಅಂತ ನನ್ನ ಮಗಳಿಗೆ ಹೇಳಿದಾಕಿ ನಾನು.”

“ಯಾಕೆ?”

“ಇಕಿ ಅಕ್ಕ ಸಣ್ಣಾಕಿದ್ದಾಗ ಇಂಥಾ ಚಿತ್ರಕ್ಕೆಲ್ಲಾ ನಮ್ಮ ಮಾತಿನಾಗ ಹೆಸರು ಹೇಳಿದ್ಲು. ಬುದ್ಧಿ ಕಮ್ಮಿ ಐತಿ ಅಂತ ಬರದು ಹೋದ್ರು. ಸಾಲ್ಯಾಗ ಎಲ್ಲಾರೂ ಆಕಿನ್ನ ಹಂಗ ಕರದ್ರು. ಆಕಿ ಸಾಲಿ ಬಿಟ್ಲು, ಈಗ ಕಬ್ಬು ಕಡೀತಾಳ.”

“ಕನ್ನಡ ಬರಲ್ಲ ಅಂದ್ರೆ ಬುದ್ಧಿ ಕಮ್ಮಿನಾ? ಹಾಗೆ ಬರೆದ ಮೂರ್ಖರು ಯಾರು?” ಮೇಡಂ ಗುಡುಗಿದರು.

ತಾಯಿ ಅವರ ಮುಖವನ್ನೇ ನೋಡುತ್ತ ಹೇಳಿದಳು: “ನೀವಽ ರೀ.”