ಮೂರನೆಯ ತಗಡು

“ಈ ಇಂಜಿನ್ ಯಾವಾಗರ ತಿರುಗಿ ಒದ್ದಿತ್ತೇನು?” ದಾವಲಮಲಿಕ ಕೇಳಿದ.

ಸಿದ್ದರಾಯನ ಕೈಯಿಂದ ಇಂಜಿನ್ ತಿರುವುವ ಹ್ಯಾಂಡಲ್ ಜಾರಿ ಕಲ್ಲಿನ ಮೇಲೆ ಬಿತ್ತು.

“ಇಲ್ಲ ಮಿಸ್ತ್ರಿ. ಹೊಗಿ ಅಷ್ಟ.”

ಹೊಗೆಯನ್ನು ಬೇರೆ ತೋರಿಸಬೇಕಾಗಿರಲಿಲ್ಲ. ಮಾಗಿಯ ಚಳಿಗೆ ರಾತ್ರಿಯೆಲ್ಲ ತಣ್ಣಗೆ ಕೂತಿದ್ದ ಇಂಜಿನ್ ಈಗ ತಾನೆ ಶುರುವಾಗಿ, ಬಾವಿಯ ದಂಡೆಯನ್ನೆಲ್ಲ ಬಿಳಿ ಹೊಗೆಯಲ್ಲಿ ಮುಚ್ಚಿತ್ತು. ಪಕ್ಕದ ನಿಂಬೆಗಿಡಗಳು ಕಾಣುತ್ತಿರಲಿಲ್ಲ. ಕಾದ ಮೇಲೆ ಹೊಗೆ ತಾನೇ ತೆಳುವಾಗುತ್ತಿತ್ತು. ಮರುದಿನ ಮುಂಜಾನೆ ಮತ್ತೆ ಅದೇ.

ಇಂಡಿಯಿಂದ ಮಿಸ್ತ್ರಿಯನ್ನು ಕರೆಸಿದ್ದು ಸಿದ್ದರಾಯನಲ್ಲ, ಅವನ ಅತ್ತಿಗೆ ಶೇವಂತೆವ್ವ. ಅವನು “ನೋಡೂಣು, ನೋಡೂಣು” ಎನ್ನುತ್ತ ದಿನ ದೂಡಿದ್ದ. ಕೊನೆಗೆ ಅವಳೇ ಮೋರಟಗಿಯ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದ್ದಳು. ಈಗ ಬದುವಿನ ಮೇಲೆ ಸೆರಗು ಹೊದ್ದು ನಿಂತು, ಮಿಸ್ತ್ರಿಯ ಕೈಯನ್ನೇ ನೋಡುತ್ತಿದ್ದಳು.

ಅವಳ ಗಂಡ ಮಾಳಿಂಗಪ್ಪ ಹೋದ ಮಾಗಿಯಲ್ಲಿ ಇದೇ ಇಂಜಿನ್ ಪಕ್ಕದಲ್ಲಿ ಸತ್ತುಬಿದ್ದಿದ್ದ. ಮುಂಜಾನೆ ನೀರು ಬಿಡಲು ಒಬ್ಬನೇ ಬಂದವನು ತಿರುಗಿ ಬರಲಿಲ್ಲ. ಎದೆಯ ಮೇಲೆ ನೀಲಿ ಬರೆ ಇತ್ತು. ಎದೆಬಡಿತ ನಿಂತಿದೆ, ಬೀಳುವಾಗ ಹ್ಯಾಂಡಲ್ ತಾಗಿದೆ ಎಂದರು ಡಾಕ್ಟರು. ಊರು ನಂಬಿತು. ಸಿದ್ದರಾಯ ನಂಬಲಿಲ್ಲ.

ನಂಬದಿರಲು ಅವನಿಗೆ ಕಾರಣವಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಅವನು ಯಾರಿಗೂ ಹೇಳದೆ ಡೀಸೆಲ್ ಪಂಪಿನ ಕೆಳಗೆ ಒತ್ತಿಟ್ಟ ತೆಳು ತಗಡುಗಳಲ್ಲಿ ಒಂದನ್ನು ಎಳೆದು ತೆಗೆದಿದ್ದ. ಒಂದು ತಗಡು ತೆಗೆದರೆ ಇಂಜಿನ್ ಎಂಥ ಚಳಿಗೂ ಒಂದೇ ಸುತ್ತಿಗೆ ಏಳುತ್ತದೆ ಎಂದು ಸಿಂದಗಿಯ ಚಹಾದಂಗಡಿಯಲ್ಲಿ ಯಾರೋ ಹೇಳಿದ್ದರು. “ನಿನಗ ಇಂಜಿನ್ನಿನ ಗಂಧ ಇಲ್ಲ, ಅದಕ್ಕ ಕೈ ಹಚ್ಚಬ್ಯಾಡ” ಎಂದು ಅಣ್ಣ ಸದಾ ನಗುತ್ತಿದ್ದ. ಅವನಿಗೆ ಬೆರಗು ಹುಟ್ಟಿಸಬೇಕೆಂದು ಸಿದ್ದರಾಯನಿಗೆ ಆಸೆ. ಅದೇ ಸಂಜೆ ಬೀಜ ತರಲು ಸಿಂದಗಿಗೆ ಹೋಗಿ ಅಲ್ಲಿಯೇ ಉಳಿದ. ಮರುದಿನ ಬಂದಾಗ ಅಂಗಳದಲ್ಲಿ ಜನ.

ಮಣ್ಣು ಕೊಟ್ಟ ಮೇಲೆ ಅವನು ಒಬ್ಬನೇ ತೋಟಕ್ಕೆ ಬಂದಿದ್ದ. ಪಂಪಿನ ನಟ್ಟು ಸಡಿಲಿಸಿ, ಕಣ್ಣು ಮುಚ್ಚಿಕೊಂಡವನಂತೆ ಆ ತಗಡನ್ನು ತಿರುಗಿ ಒಳಗೆ ತುರುಕಿದ್ದ. ಒಳಗೆ ಏನಿದೆ ಎಂದು ನೋಡಲಿಲ್ಲ.

ಆಮೇಲೆ ಅವನು ಎರಡೂ ಪಾಲಿನ ಹೊಲ ದುಡಿದ. ಸಾಲೋಟಗಿಯಿಂದ ಬಂದ ಹೆಣ್ಣನ್ನು ಬೇಡವೆಂದ. ಅತ್ತಿಗೆ ಬಡಿಸಿದ ರೊಟ್ಟಿಯನ್ನು ಮುಖ ಎತ್ತದೆ ತಿಂದ. ಅಣ್ಣನ ಮೇಲಿನ ಮಮತೆ ಎಂದಿತು ಊರು. ಆ ಮಾತು ಕೇಳಿದಾಗಲೆಲ್ಲ ಅವನು ಎದ್ದು ಹೊಲಕ್ಕೆ ಹೋಗುತ್ತಿದ್ದ.

ದಾವಲಮಲಿಕ ಇಂಜಿನ್ ನಿಲ್ಲಿಸಿದ. ಡೀಸೆಲ್ಲನ್ನು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. ನೀರು ಬೆರೆತಿಲ್ಲ. ನಾಜಲ್ ಬಿಚ್ಚಿ ಹೊರಗಿಟ್ಟು ಇಂಜಿನ್ ತಿರುಗಿಸಿದ. ಡೀಸೆಲ್ ಮಂಜಿನ ಹಾಗೆ ಚಿಮ್ಮಿತು, ಹನಿ ಸೋರಲಿಲ್ಲ. ನಾಜಲ್ ಕೂಡಿಸಿ ಹ್ಯಾಂಡಲ್ಲಿನ ಬಿಗಿ ನೋಡಿದ. ಒಳಗೆ ಗಾಳಿ ಒತ್ತುವ ದಮ್ಮು ಚೆನ್ನಾಗಿಯೇ ಇತ್ತು.

“ಇನ್ನ ಉಳಿದಿದ್ದು ಒಂದs,” ಎಂದು ಪಂಪಿನ ನಟ್ಟಿಗೆ ಪಾನಾ ಹಾಕಿದ.

“ಅದು ಬ್ಯಾಡ ಮಿಸ್ತ್ರಿ. ಅದು ಸರೀನ ಐತಿ.”

“ನೋಡದನ ಸರಿ ಐತಿ ಅಂದ್ರ ಹ್ಯಾಂಗಪಾ?”

“ನೋಡ್ಲಿ ಬಿಡು ತಮ್ಮಾ,” ಎಂದಳು ಶೇವಂತೆವ್ವ. “ನೋಡಾಕಂತನ ಕರಸೇನಿ.”

ಸಿದ್ದರಾಯ ಬಾವಿಯ ಕಡೆ ತಿರುಗಿ ನಿಂತ. ಪಂಪು ಮೇಲೆದ್ದಿತು. ದಾವಲಮಲಿಕ ತಗಡುಗಳನ್ನು ಒಂದೊಂದಾಗಿ ತೆಗೆದು ಕಲ್ಲಿನ ಮೇಲೆ ಇಟ್ಟ.

“ಸಿಕ್ತು ನೋಡ್ರಿ. ಎರಡ ಇರಬೇಕು, ಮೂರ ಅದಾವು. ಒಂದು ಹೆಚ್ಚಾದ್ರ ಡೀಸೆಲ್ ತಡಾ ಆಗಿ ಬೀಳ್ತೈತಿ. ತಣ್ಣಗಿದ್ದಾಗ ಪೂರಾ ಉರಿಯೂದಿಲ್ಲ, ಬಿಳಿ ಹೊಗಿ ಆಗಿ ಹೋಗ್ತೈತಿ.” ಸ್ವಲ್ಪ ತಡೆದು ಹೇಳಿದ. “ಕಡಿಮಿ ಆಗಿದ್ರ ಕೆಟ್ಟಿತ್ತು. ಲಗೂನ ಬಿದ್ದು ಹ್ಯಾಂಡಲ್ ತಿರುಗಿ ಒದೀತಿತ್ತು. ಅದಕ್ಕs ಮೊದಲ ಕೇಳ್ದೆ.”

ಸಿದ್ದರಾಯ ತಿರುಗಿ ನೋಡಿದ. ಎರಡು ತಗಡು ಇಂಜಿನ್ನಿನ ಜೊತೆಗೇ ಬಂದಂಥವು. ಮೂರನೆಯದು ಕೈಯಿಂದ ಕತ್ತರಿಸಿದ್ದು, ಅಂಚು ಸೊಟ್ಟ, ಒಂದು ಮಗ್ಗುಲಲ್ಲಿ ಮನೆಯ ಹಳೆಯ ಚಹಾಪುಡಿ ಡಬ್ಬಿಯ ಹಸಿರು ಬಣ್ಣ.

ಆ ಡಬ್ಬಿ ಅತ್ತಿಗೆಯ ಅಡುಗೆಮನೆಯದು.

ಹಾಗಾದರೆ ಅವಳಿಗೆ ಗೊತ್ತು. ತನ್ನ ಹಾಗೆಯೇ ಕದ್ದು ಬಂದು ಅವಳೂ ಒಂದು ತಗಡು ಸೇರಿಸಿದ್ದಾಳೆ. ಗೊತ್ತಿದ್ದೂ ಒಂದು ವರ್ಷ ರೊಟ್ಟಿ ಬಡಿಸಿದ್ದಾಳೆ. ಅವನು ಕಲ್ಲಿನ ಪಕ್ಕದಲ್ಲಿ ಹಾಗೆಯೇ ಕುಸಿದ.

“ವೈನಿ, ನಾನs ತೆಗದಿದ್ದೆ,” ಎಂದ. ದನಿ ಒಡೆಯಿತು. “ಒಂದು ತಗಡ ತೆಗದು ಸಿಂದಗಿಗೆ ಹೋದೆ. ಅಣ್ಣಗ ಹೇಳಲಿಲ್ಲ. ಇಂಜಿನ್ ಅವನ ಎದಿಗೆ ಒದೀತು. ನಾನs ಕೊಂದೇನಿ ವೈನಿ. ನಿಮಗ ಗೊತ್ತಿತ್ತು. ಯಾಕ ಸುಮ್ಮನಿದ್ರಿ?”

ದಾವಲಮಲಿಕ ಪಾನಾ ಕೆಳಗಿಟ್ಟು ಬೇರೆ ಕಡೆ ನೋಡಿದ.

ಶೇವಂತೆವ್ವ ಬದುವಿನಿಂದ ಇಳಿದು ಬಂದಳು. ಹಸಿರು ತಗಡನ್ನು ಎತ್ತಿ ಅಂಗೈಯಲ್ಲಿ ಹಿಡಿದಳು.

“ನೀ ತೆಗದದ್ದು ಗೊತ್ತಿತ್ತು. ಅಣ್ಣನ್ನ ಕೊಂದೇನಿ ಅನ್ನೂದನ್ನ ಹೊತ್ಕೊಂಡು ತಿರಗಾಕತ್ತೀದಿ ಅಂತ ಗೊತ್ತಿರಲಿಲ್ಲೋ ತಮ್ಮಾ,” ಎಂದಳು. “ನೀ ಸಿಂದಗಿಗೆ ಹೋದ ಸಂಜೀನ ಇಂಜಿನ್ ನಿಮ್ಮಣ್ಣನ ಕೈಗೆ ಒಂದೇಟು ಒದ್ದಿತ್ತು. ಮನಿಗೆ ಬಂದು ಡಬ್ಬಿ ಕತ್ತರಿಸಿ, ಹೊಳ್ಳಿ ಹೋಗಿ ಈ ತಗಡ ಹಾಕಿ, ಎರಡ ಪೂರಾ ಮಾಡಿ ಬಂದ್ರು. ‘ಸಿದ್ದಗ ಹೇಳಬ್ಯಾಡ, ನಾಚ್ಕೋತಾನ’ ಅಂತ ನಕ್ಕೋತ ಮಲಗಿದ್ರು.”