ಎದುರಿನವರ ಮಾತು ಮೊದಲು

ಕಥೆ ಹೇಳುವಾಗ ನನ್ನಜ್ಜಿ ರಾಕ್ಷಸನಿಗೂ ಮಾತಾಡಲು ಬಿಡುತ್ತಿದ್ದಳು. "ತಡಿ, ಅವಂದೂ ಏನೈತೋ ಕೇಳೂಣು" ಅನ್ನುತ್ತಿದ್ದಳು...

ಧಾರವಾಡದಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದ ನೀಲಾಂಬಿಕಾ ಮೇಡಂ ಕ್ಲಾಸಿನಲ್ಲೂ ಅದೇ ರೂಲು.

ಯಾರದೇ ವಾದವನ್ನು ಖಂಡಿಸುವ ಮೊದಲು, ಅದನ್ನು ಅವರಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು.

ಎದುರಿನವರು "ಹೌದು, ನನ್ನ ಮಾತು ಇದೇ" ಅನ್ನುವವರೆಗೆ ನಮ್ಮ ಉತ್ತರಕ್ಕೆ ಅವಕಾಶವೇ ಇಲ್ಲ!

ಮೇಡಂ ರಿಟೈರ್ ಆದ ದಿನ, ಬೀಳ್ಕೊಡುಗೆಯಲ್ಲೂ ಇದನ್ನೇ ಹೇಳಿದರು.

ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ನಮ್ಮ ಜೊತೆಯೇ ಓದುತ್ತಿದ್ದ ಅವರ ಮಗಳು, ಮುಕ್ತಾ.

ಎಂ.ಎ. ಅರ್ಧಕ್ಕೇ ಬಿಟ್ಟು, ಊರೂರು ತಿರುಗುವ ಮಕ್ಕಳ ನಾಟಕ ತಂಡ ಸೇರಲು ಮರುದಿನ ಹೊರಟಿದ್ದಳು. "ಹೋದರೆ ನನ್ನ ಜೊತೆ ಮಾತಾಡಬೇಡ" ಅಂದಿದ್ದರಂತೆ ಮೇಡಂ...

"ಮೇಡಂ, ಒಂದು ಡೌಟು... ಈ ರೂಲು ಮನ್ಯಾಗೂ ನಡೀತೈತೇನ್ರಿ?"

ನಾವೆಲ್ಲ ನಕ್ಕೆವು. ಮೇಡಂ ಮಾತ್ರ ನಗಲಿಲ್ಲ.

"ಪೂರ್ವಪಕ್ಷ. ನನ್ನ ಮಗಳಿಗೆ ಓದೂದು ಬ್ಯಾಸರಾಗೇತಿ."

"ಅಲ್ರಿ."

"ಗೆಳತ್ಯಾರ ಮಾತು ಕೇಳಿ ಹೊಂಟಾಳ."

"ಅಲ್ರಿ ಮೇಡಂ."

ಎಂದೋ ತೀರಿಹೋದ ಪಂಡಿತರ ಮನಸ್ಸನ್ನೆಲ್ಲ ಬಿಡಿಸಿ ತೋರಿಸುತ್ತಿದ್ದ ಮೇಡಂ... ತಡವರಿಸಿದರು.

ಕೊರಳಿನ ಹಾರ ತೆಗೆದಿಟ್ಟು, ವೇದಿಕೆ ಇಳಿದು, ಮಗಳ ಪಕ್ಕ ಬೆಂಚಿನಲ್ಲಿ ಕುಳಿತರು.

"ನನಗ ಗೊತ್ತಿಲ್ಲವ್ವಾ... ನೀನ ಹೇಳು. ನಡುವ ಬಾಯಿ ಹಾಕಂಗಿಲ್ಲ."

"ಮೊನ್ನೆ ಆ ತಂಡದ ಜೋಡಿ ಒಂದು ಕನ್ನಡ ಸಾಲ್ಯಾಗ ನಾಟಕ ಮಾಡಿದ್ವಿ. ಒಂದು ಕೂಸು ಓಡಿ ಬಂದು, 'ಅಕ್ಕಾ, ಆ ಕರಡಿ ನೀನ ಏನ?' ಅಂತು. ಅಲ್ಲಿ ಯಾರಿಗೂ... ನಾ ಯಾರ ಮಗಳಂತ ಗೊತ್ತಿರಲಿಲ್ಲ."

ಮೇಡಂ ಮಗಳ ಕಡೆ ಪೂರ್ತಿ ತಿರುಗಿ ಕುಳಿತರು.

"ಅಂದ್ರ... ರ‍್ಯಾಂಕ್ ಬಂದ್ರ 'ಮೇಡಂ ಮಗಳಲ್ಲೇನು' ಅಂತಾರ. ಬರದಿದ್ರ 'ಮೇಡಂ ಮಗಳಾಗಿ ಹಿಂಗ?' ಅಂತಾರ. ನಿನಗ ಓದಿನ ಮ್ಯಾಲೂ ಸಿಟ್ಟಿಲ್ಲ, ನನ್ನ ಮ್ಯಾಲೂ ಸಿಟ್ಟಿಲ್ಲ. ನಿಂದು ಅಂತ ಒಂದು ಹೆಸರು ಬೇಕಾಗೇತಿ."

ಮುಕ್ತಾಳ ಕಣ್ಣು ತುಂಬಿ ಬಂತು.

"ಹೌದವ್ವಾ... ನನ್ನ ಮಾತು ಇದ."

ಮುಂದಿನ ಸಾಲಿನಿಂದ ಯಾರೋ ಕೇಳಿದರು, "ಮೇಡಂ, ಇನ್ನ ನಿಮ್ಮ ಉತ್ತರಾ?"

"ಮುಂಜಾನಿತನಕ ಇತ್ತಪಾ... ಈಗ ಇಲ್ಲ."

ಸೆರಗಿನಿಂದ ಮಗಳ ಮುಖ ಒರೆಸಿದರು.

"ಕರಡಿ ನಾಟಕ ಮತ್ತ ಯಾವೂರಾಗೈತಿ? ಬರ್ತೀನಿ. ಹಿಂದಿನ ಸಾಲಿನ್ಯಾಗ ಕುಂಡರ್ತೀನಿ. ನೀವ್ಯಾರಂತ ಯಾರರ ಕೇಳಿದ್ರ... ಕರಡೀ ಅವ್ವ ಅಂತೀನಿ!"

ನಗುತ್ತಲೇ ಅತ್ತಳು ಮುಕ್ತಾ. ನಾವೂ...

ನಮ್ಮವರಿಗೆ ಉತ್ತರ ಕೊಡುವ ಮೊದಲು, ಅವರ ಮಾತು ನಮಗೆ ನಿಜವಾಗಿ ಕೇಳಿಸಿದೆಯಾ ಎಂದು ಅವರನ್ನೇ ಕೇಳಬೇಕು.

"ನನ್ನ ಮಾತು ಅದಲ್ಲ" ಎಂದು ಹೇಳಿ ಹೇಳಿ ಸುಮ್ಮನಾದವರು... ನಿಮ್ಮ ಮನೆಯಲ್ಲಿ ಯಾರಿದ್ದಾರೆ?