ಎಡಗಾಲಿನ ಸದ್ದು

ಅತ್ತೆಯ ಚಪ್ಪಲಿಯ ಸದ್ದು ಮನೆಯೊಳಗಿನ ಸಂಗತಿಯೋ, ಲೋಕಕ್ಕೆ ಸೇರಿದ್ದೋ ಎಂಬ ಗಹನವಾದ ಪ್ರಶ್ನೆ ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇತ್ಯರ್ಥವಾಗಬೇಕಿತ್ತು. ಆಗಲೇ ಹತ್ತೂ ಮುಕ್ಕಾಲು. ಸೊಸೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಉಗುರು ಕಚ್ಚುತ್ತ ಕಂಪ್ಯೂಟರಿನ ಮುಂದೆ ಕೂತಿದ್ದಳು.

ಎರಡು ವರ್ಷ ಒಬ್ಬಳೇ ಕೂತು ಅವಳು ಮಾಡಿದ್ದು ಒಂದು ವಿಡಿಯೋ ಗೇಮ್. ಉದ್ದನೆಯ ಕತ್ತಲ ಕಾರಿಡಾರ್, ಎರಡೂ ಕಡೆ ಕೋಣೆಗಳು, ಹಿಂದಿನಿಂದ ಯಾರೋ ನಡೆದುಬರುವ ಸದ್ದು. ಬರುವವರು ಕೊನೆಯವರೆಗೂ ಕಾಣಿಸುವುದಿಲ್ಲ. ಆ ಸದ್ದೊಂದು ಮಾತ್ರ ಅವಳು ಹುಟ್ಟಿಸಿದ್ದಲ್ಲ. ಊಟದ ಕೋಣೆಯ ಬಾಗಿಲ ಹಿಂದೆ ಫೋನ್ ಇಟ್ಟು, ಅತ್ತೆಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡಿದ್ದು. ಅತ್ತೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೆರಡು ವರ್ಷ ವಾರ್ಡನ್ ಆಗಿದ್ದು ನಿವೃತ್ತರಾದವರು. ಹಿಮ್ಮಡಿ ನೋವಿಗೆಂದು ಮನೆಯೊಳಗೂ ಚಪ್ಪಲಿ. ಬಲಗಾಲು ಟಪ್, ಎಡಗಾಲು ಸರ್ರ್. ಕೇಳಿದವರಿಗೆ ಮಾಡದ ತಪ್ಪೂ ನೆನಪಾಗುತ್ತಿತ್ತು. ಅತ್ತೆಗೆ ಸೊಸೆ ಹೇಳಿದ್ದು, ಮಕ್ಕಳಿಗೆ ಮಗ್ಗಿ ಕಲಿಸುವ ಆಟ ಎಂದು. "ಎಷ್ಟರ ಮಗ್ಗಿವರೆಗೂ ಬಂತಮ್ಮಾ?" ಎಂದು ಅವರು ವಾರಕ್ಕೊಮ್ಮೆ ವಿಚಾರಿಸುತ್ತಿದ್ದರು. ಹದಿನೇಳರಲ್ಲಿ ಸಿಕ್ಕಿಕೊಂಡಿದೆ ಎಂದು ಇವಳು ಹೇಳುತ್ತ ಬಂದಿದ್ದಳು.

ಆಟ ಮಾರುವ ಆನ್‌ಲೈನ್ ಅಂಗಡಿಯ ಕ್ರಮವೇ ಬೇರೆ. ದೊಡ್ಡ ಕಂಪನಿಗಳಿಗೆ ಮುಂಬಾಗಿಲು. ಒಂಟಿಯಾಗಿ ಮಾಡಿದವರು ಮೂವತ್ತು ದಿನ ಹೊಸ್ತಿಲಲ್ಲಿ ನಿಲ್ಲಬೇಕು. ಆಡುವವರು ಒಂದು ತುಣುಕು ಆಡಿ ನೋಡಿ 'ಬೇಕು' ಅಥವಾ 'ಬೇಡ' ಒತ್ತುತ್ತಾರೆ. ಬೇಕು ಎಂದವರು ಹೆಚ್ಚಾದರೆ ಒಳಗೆ, ಇಲ್ಲವಾದರೆ ಬಂದ ದಾರಿ. ಇವಳ ಮೂವತ್ತು ದಿನ ಇಂದು ಹನ್ನೊಂದಕ್ಕೆ ಮುಗಿಯುತ್ತಿತ್ತು. ಸದ್ಯ ಬೇಕು ಎಂದವರು ಕೂದಲೆಳೆಯಷ್ಟು ಮುಂದಿದ್ದರು. 'ದಿನಕ್ಕೆ ನೂರು ಆಟ ತಂದು ಸುರೀತಾರೆ, ಕಸ ಗುಡಿಸೋಕೆ ನಾವಾ? ಬೇಡ' ಎಂದೊಬ್ಬ ಬರೆದಿದ್ದ. 'ದೊಡ್ಡೋರ ಆಟ ಆಡಿ ಆಡಿ ಸಾಕಾಗಿದೆ, ಇಂಥವ್ರೂ ಬರ್ಲಿ. ಬೇಕು' ಎಂದು ಇನ್ನೊಬ್ಬ. 'ಹೆದರಿಸಿ ಅಂತ ಕೇಳಿದ್ದು ನಿಜ, ಇಷ್ಟೊಂದು ಕೇಳಿರ್ಲಿಲ್ಲ. ಬೇಡ' ಎಂದು ಮತ್ತೊಬ್ಬಳು. ಅದರ ಕೆಳಗೆ ಈಗಷ್ಟೇ ಬಂದದ್ದು: 'ಈ ಸದ್ದು ನಂಗೊತ್ತು! ನಮ್ಮ ಹಾಸ್ಟೆಲ್, ಎರಡನೇ ಮಹಡಿ. ಲೈಟ್ ಆರಿಸ್ರೇ, ವಾರ್ಡನ್ ಬಂದ್ರು!'

ಅಷ್ಟು ಸುಲಭವಾಗಿ ಗುರುತು ಸಿಗುತ್ತದೆಯೇ ಎಂದು ಸೊಸೆ ತುಣುಕನ್ನು ಮತ್ತೆ ಹಾಕಿ ಕಿವಿಗೊಟ್ಟಳು. ಟಪ್, ಸರ್ರ್. ಟಪ್, ಸರ್ರ್. ತೀರ ಹತ್ತಿರ ಬಂದಂತಿತ್ತು. ತಾನೇ ಮಾಡಿದ್ದಾದರೂ ಬೆನ್ನು ಜುಮ್ಮೆಂದಿತು. ಸ್ವಲ್ಪ ಜಾಸ್ತಿಯೇ ಆಯಿತೆಂದು ಸದ್ದು ತಗ್ಗಿಸಿದಳು. ತಗ್ಗಲಿಲ್ಲ. ಪೂರ್ತಿ ನಿಲ್ಲಿಸಿದಳು. ನಿಲ್ಲಲಿಲ್ಲ. ಇನ್ನೆರಡು ಹೆಜ್ಜೆ ಬಂದು, ಕುರ್ಚಿಯ ಹಿಂದೆ ತಾನಾಗಿ ನಿಂತಿತು.

"ಯಾವ ವರ್ಷದವಳು ಅಂತ ಬರ್ದಿದಾಳೇನು?" ಅತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತ ಬಗ್ಗಿದರು.

ಅತ್ತೆ ಸೊಸೆಯ ಕಿವಿಯಿಂದ ಹೆಡ್‌ಫೋನ್ ತೆಗೆದು ತಾವೇ ಹಾಕಿಕೊಂಡು, "ಹಾಕು" ಎಂದರು. ಹಾಕಿದಳು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆ ಮುಖದಲ್ಲಿ ಏನಾದರೂ ಕಂಡವರು ಇದುವರೆಗೆ ಯಾರೂ ಇರಲಿಲ್ಲ.

"ಇದು ನಾನಾ?"

"ಹೌದತ್ತೆ. ತಪ್ಪಾಯ್ತು, ಕೇಳಿ ಮಾಡ್ಬೇಕಿತ್ತು. ಇನ್ನೂ ಐದು ನಿಮಿಷ ಇದೆ. ನೀವು ಬೇಡ ಅಂದ್ರೆ ಆಟಾನೇ ವಾಪಸ್ ತಗೊಂಡ್ಬಿಡ್ತೀನಿ." ಅವಳು ಮೌಸಿನ ಮೇಲೆ ಬೆರಳಿಟ್ಟಳು. ಎರಡು ವರ್ಷ ಆ ಬೆರಳ ತುದಿಯಲ್ಲಿತ್ತು.

"ಬಂದು ಏನ್ಮಾಡ್ತೀನಿ ನಾನು ಇದ್ರಲ್ಲಿ? ಹೊಡೀತೀನಾ?"

"ಅಯ್ಯೋ, ಇಲ್ಲ! ಬರ್ತಾ ಇರ್ತೀರಿ, ಅಷ್ಟೇ. ಸದ್ದು ಕೇಳಿದ ತಕ್ಷಣ ಯಾವ್ದಾದ್ರೂ ರೂಮಿಗೆ ನುಗ್ಗಿ ಬಾಗ್ಲು ಹಾಕ್ಕೊಂಡ್ರೆ ಬಚಾವು."

"ಎಷ್ಟು ದೂರಕ್ಕೆ ಕೇಳುತ್ತೆ?"

"ಕಾರಿಡಾರಿನ ಆ ತುದಿಯಿಂದ್ಲೇ. ಎಡಗಾಲು ಎಳೀತೀರಲ್ಲ ಅತ್ತೆ, ಅದಕ್ಕೆ."

"ಎಳೀತೀನಾ? ಇಷ್ಟು ವರ್ಷದಲ್ಲಿ ಒಬ್ರೂ ಹೇಳ್ಲಿಲ್ಲ."

"ನಿಮಗೆ ಯಾರು ಹೇಳ್ತಾರೆ?" ಎಂದುಬಿಟ್ಟು ಸೊಸೆ ನಾಲಿಗೆ ಕಚ್ಚಿಕೊಂಡಳು.

ಅತ್ತೆ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟರು. ತಮ್ಮ ಹಾಸ್ಟೆಲಿನಲ್ಲಿ ಒಬ್ಬ ಹುಡುಗಿಯೂ ಒಂದು ದಿನವೂ ಸಿಕ್ಕಿಬೀಳಲಿಲ್ಲ, ಅಂಥ ಶಿಸ್ತು ಎಂಬುದು ಅವರು ನೆಂಟರಿಷ್ಟರಿಗೆಲ್ಲ ಹೇಳುತ್ತಿದ್ದ ಮಾತು. ನಿವೃತ್ತಿಯ ದಿನ ಕೊಟ್ಟ ಹಿತ್ತಾಳೆಯ ಫಲಕದ ಮೇಲೂ 'ಶಿಸ್ತಿನ ಸಿಪಾಯಿ' ಎಂದೇ ಕೆತ್ತಿತ್ತು. ಗೋಡೆಯ ಮೇಲಿದ್ದ ಆ ಫಲಕವನ್ನು ಅವರು ಹೊಸದಾಗಿ ನೋಡುವವರಂತೆ ನೋಡಿದರು.

"ಅದಕ್ಕೇನಾ," ಎಂದರು ನಿಧಾನವಾಗಿ, "ನಾನು ಹೋದಾಗ್ಲೆಲ್ಲ ಒಬ್ಬೊಬ್ಳೂ ಗೊರಕೆ ಹೊಡೀತಿದ್ದಿದ್ದು."

"ತೆಗೆದುಬಿಡ್ಲಾ ಅತ್ತೆ?"

"ಯಾಕೆ? ಇರ್ಲಿ." ಅವರು ಬಗ್ಗಿ, ಎಡಗಾಲಿನದು ಮೊದಲು, ಬಲಗಾಲಿನದು ಆಮೇಲೆ, ಚಪ್ಪಲಿ ಎರಡನ್ನೂ ಕಳಚಿ ಸೊಸೆಯ ಕುರ್ಚಿಯ ಪಕ್ಕ ನೆಟ್ಟಗೆ ಜೋಡಿಸಿಟ್ಟರು. "ಹದಿನೇಳರ ಮಗ್ಗಿ ವಿಚಾರ ಆಮೇಲೆ ಮಾತಾಡೋಣ."

ಸೊಸೆ ಗಡಿಯಾರದತ್ತ ಒಮ್ಮೆ ಕಣ್ಣು ಹಾಯಿಸಿ ತಿರುಗುವಷ್ಟರಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೋದದ್ದು ಕೇಳಿಸಲಿಲ್ಲ.

ಹನ್ನೊಂದಕ್ಕೆ ಆಟ ಅಂಗಡಿ ಸೇರಿತು. ಅತ್ತೆ ಆಮೇಲೆ ಮನೆಯೊಳಗೆ ಚಪ್ಪಲಿ ಹಾಕಲಿಲ್ಲ.